ಇವಿ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಬೀದರ್‌ಗೆ ಹೋಗಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಾವು ಕಲಬುರಗಿಯವರು. ಹೋದ ವರ್ಷ ಎಲೆಕ್ಟ್ರಿಕ್ ಎಸ್‌ಯುವಿ ತಗೊಂಡಿದ್ದೇವೆ. 45 ಕಿಲೋವ್ಯಾಟ್ ಅವರ್ ಬ್ಯಾಟರಿ, ಮುಂದಿನ ಚಕ್ರಗಳಿಗೆ ಮೋಟರ್. ಹೈವೇಯಲ್ಲಿ 80ರ ವೇಗದಲ್ಲಿ ಹೋದರೆ ಫುಲ್ ಚಾರ್ಜ್‌ಗೆ 280–290 ಕಿ.ಮೀ. ಬರುತ್ತದೆ. ಈಗ ಹೈದರಾಬಾದಿನಲ್ಲಿ ಒಬ್ಬರು ಹಳೆಯ ಕ್ಯಾರವಾನ್ ಟ್ರೇಲರ್ ಮಾರುತ್ತಿದ್ದಾರೆ. ಏಳೂವರೆ ಅಡಿ ಎತ್ತರ, ಖಾಲಿ ತೂಕ 850 ಕೆಜಿ, ಟ್ರೇಲರ್‌ಗೆ ಬೇರೆ ಬ್ರೇಕ್ ಇಲ್ಲ. ಒಳಗೆ ಮಂಚ, ಸಣ್ಣ ಅಡುಗೆಮನೆ, ಟಾಯ್ಲೆಟ್ ಎಲ್ಲ ಇದೆ. ಅವ್ವಗೆ ಮೊಣಕಾಲು ನೋವು, ದಾರಿಯಲ್ಲಿ ಟಾಯ್ಲೆಟ್‌ದೇ ದೊಡ್ಡ ಚಿಂತೆ. ಅದಕ್ಕೆ ಇದನ್ನು ಕೊಂಡು ಮೊದಲು ಬೀದರ್, ಬಸವಕಲ್ಯಾಣ, ಆಮೇಲೆ ಹಂಪಿ ಕಡೆ ಹೋಗಬೇಕು ಅಂತ ಆಸೆ. ಒಬ್ಬರು ಮೋಟರ್ ಸುಡುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಟ್ರೇಲರ್ ಮೇಲೆ ಸೋಲಾರ್ ಹಾಕಿದರೆ ಚಾರ್ಜಿಂಗ್ ಚಿಂತೆಯೇ ಇಲ್ಲ ಅನ್ನುತ್ತಾರೆ. ನಮ್ಮಲ್ಲಿ ಕಬ್ಬಿನ ಟ್ರ್ಯಾಲಿ ಕಟ್ಟುವ ಅಂಗಡಿಯವರು ಹುಕ್ ವೆಲ್ಡಿಂಗ್ ಮಾಡಿಕೊಡುತ್ತೇವೆ ಅಂದಿದ್ದಾರೆ. ಏನು ಮಾಡಲಿ? ಅಡ್ವಾನ್ಸ್ ಕೊಡುವ ಮೊದಲು ನಿಮ್ಮನ್ನು ಕೇಳೋಣ ಅನಿಸಿತು.

ಉತ್ತರ:

ಅಡ್ವಾನ್ಸ್ ಕೊಡಬೇಡಿ. ಈ ಕಾರಿಗೆ ಈ ಕ್ಯಾರವಾನ್ ಆಗುವುದಿಲ್ಲ. ಆದರೆ ಬೀದರ್ ಪ್ರವಾಸ ಆಗುತ್ತದೆ, ಅವ್ವಾರ ತೊಂದರೆಗೂ ದಾರಿ ಇದೆ. ಅದನ್ನು ಕೊನೆಗೆ ಹೇಳುತ್ತೇನೆ, ಮೊದಲು ಯಾಕೆ ಆಗುವುದಿಲ್ಲ ಅನ್ನುವುದನ್ನು ನೋಡೋಣ. ಯಾಕಂದರೆ ನಿಮಗೆ ಹೇಳಿದವರು ಕೊಟ್ಟ ಕಾರಣವೂ ತಪ್ಪು, ಕೊಟ್ಟ ಧೈರ್ಯವೂ ತಪ್ಪು.

ಮೋಟರ್ ಸುಡುವ ಮಾತಿನಿಂದಲೇ ಶುರು ಮಾಡುತ್ತೇನೆ. ಇವಿ ರಿಪೇರಿ ಮಾಡುವ ನನ್ನಂಥವರನ್ನು ಜನ ಮೊದಲು ಕೇಳುವುದೇ ಇದು. ಎಲೆಕ್ಟ್ರಿಕ್ ಮೋಟರ್ ಎಳೆಯುವುದರಲ್ಲಿ ಡೀಸೆಲ್ ಎಂಜಿನ್‌ಗೆ ಏನೂ ಕಡಿಮೆ ಇಲ್ಲ. ನಿಂತ ಜಾಗದಿಂದಲೇ ಅದಕ್ಕೆ ಪೂರ್ತಿ ಟಾರ್ಕ್ (ಚಕ್ರ ತಿರುಗಿಸುವ ಬಲ) ಸಿಗುತ್ತದೆ, ಕ್ಲಚ್ ಇಲ್ಲ, ಗೇರ್ ಬದಲಿಸುವ ಗೋಳಿಲ್ಲ. ಬಿಸಿ ಜಾಸ್ತಿ ಆದರೆ ಕಾರಿನ ಕಂಪ್ಯೂಟರ್ ತಾನೇ ಪವರ್ ಇಳಿಸುತ್ತದೆ, ಕಾರು ನಿಧಾನವಾಗುತ್ತದೆ, ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಸುಟ್ಟು ಹೊಗೆ ಬರುವ ತನಕ ಅದು ನಿಮ್ಮನ್ನು ಬಿಡುವುದಿಲ್ಲ. ಮೇ ತಿಂಗಳ ನಮ್ಮ ಬಿಸಿಲಲ್ಲಿ, ತುಂಬಿದ ಟ್ರೇಲರ್ ಕಟ್ಟಿಕೊಂಡು ಘಾಟ್ ಏರುವಾಗ ಹೀಗೆ ಪವರ್ ಇಳಿದರೆ ಹಿಂದೆ ಲಾರಿಯವರು ಹಾರ್ನ್ ಹೊಡೆಯುತ್ತಾರೆ, ಅಷ್ಟೇ. ಅದು ಕಿರಿಕಿರಿ, ಅಪಾಯ ಅಲ್ಲ. ಅಪಾಯ ಇರುವುದು ಬೇರೆ ಕಡೆ.

ಕಾರಿನ ಜೊತೆ ಬಂದ ಪುಸ್ತಕ ತೆಗೆದು ಅದರಲ್ಲಿ ಟೋಯಿಂಗ್ ಅನ್ನುವ ಭಾಗ ಓದಿ. ಕಾರು ಕೆಟ್ಟರೆ ಅದನ್ನು ಹೇಗೆ ಎಳೆದುಕೊಂಡು ಹೋಗಬೇಕು ಅನ್ನುವ ಭಾಗ ಅಲ್ಲ, ಈ ಕಾರು ಹಿಂದೆ ಎಷ್ಟು ತೂಕ ಎಳೆಯಬಹುದು ಅನ್ನುವ ಭಾಗ. ನಮ್ಮ ದೇಶದಲ್ಲಿ ಮಾರುವ ಇವಿಗಳಲ್ಲಿ ಹೆಚ್ಚಿನವುಗಳ ಪುಸ್ತಕದಲ್ಲಿ ಆ ಲೆಕ್ಕವೇ ಇರುವುದಿಲ್ಲ, ಇಲ್ಲವೇ ಟ್ರೇಲರ್ ಎಳೆಯಬೇಡಿ ಅಂತ ನೇರವಾಗಿ ಬರೆದಿರುತ್ತಾರೆ. ಲೆಕ್ಕ ಇಲ್ಲ ಅಂದರೆ ಎಳೆಯಬಹುದು ಅಂತ ಅರ್ಥ ಅಲ್ಲ. ಕಂಪನಿ ಪರೀಕ್ಷೆ ಮಾಡಿಲ್ಲ, ಮಾಡಿದ್ದರೂ ಹೊಣೆ ಹೊರಲು ತಯಾರಿಲ್ಲ ಅಂತ ಅರ್ಥ.

ಟೋ ರೇಟಿಂಗ್, ಅಂದರೆ ಕಾರು ಎಳೆಯಬಹುದಾದ ತೂಕದ ಮಿತಿ, ಬರೀ ಮೋಟರಿನ ಶಕ್ತಿಯ ಲೆಕ್ಕ ಅಂತಲೇ ಜನ ತಿಳಿಯುತ್ತಾರೆ. ಅದು ಬ್ರೇಕಿನ ಲೆಕ್ಕ, ಹಿಂದಿನ ಆ್ಯಕ್ಸಲ್ ಹೊರುವ ತೂಕದ ಲೆಕ್ಕ, ಕೊಂಡಿ ಕೂರುವ ಜಾಗದ ಉಕ್ಕಿನ ಲೆಕ್ಕ, ಬ್ಯಾಟರಿ ತಣ್ಣಗಿಡುವ ವ್ಯವಸ್ಥೆಯ ಲೆಕ್ಕ, ಉದ್ದನೆಯ ಏರಿನಲ್ಲಿ ನಿಂತು ಮತ್ತೆ ಹೊರಡುವ ಲೆಕ್ಕ. ಇದರಲ್ಲಿ ಯಾವುದು ದುರ್ಬಲವೋ ಅದೇ ರೇಟಿಂಗ್ ಆಗುತ್ತದೆ. ಯುರೋಪಿನಲ್ಲಿ ಹುಂಡೈ ಐಯೊನಿಕ್ 5ರ ದೊಡ್ಡ ಬ್ಯಾಟರಿಯ ಮಾದರಿಗೆ ಬ್ರೇಕ್ ಇರುವ ಟ್ರೇಲರ್ ಆದರೆ 1600 ಕೆಜಿ, ಬ್ರೇಕ್ ಇಲ್ಲದ್ದಾದರೆ 750 ಕೆಜಿ ಅಂತ ಕೊಟ್ಟಿದ್ದಾರೆ. ಅದೇ ಕಾರು, ಅದೇ ಮೋಟರ್. ಟ್ರೇಲರಿಗೆ ಬ್ರೇಕ್ ಇಲ್ಲ ಅಂದ ಕೂಡಲೇ ಅರ್ಧಕ್ಕಿಂತ ಕೆಳಗೆ ಬಂತು, ನೋಡಿ. ಅದೇ ಯುರೋಪಿನಲ್ಲಿ ರೆನೋ ಜೋಯಿ ಅನ್ನುವ ಇವಿಗೆ ಟ್ರೇಲರ್ ಎಳೆಯುವ ಅನುಮತಿಯೇ ಇರಲಿಲ್ಲ. ಇನ್ನೊಂದು ಮಾತು, ಹೊರದೇಶದ ಮಾದರಿಯ ರೇಟಿಂಗ್ ನೋಡಿ ಇಲ್ಲಿ ಕಟ್ಟಿಕೊಂಡು ಹೊರಡಬೇಡಿ. ಹೆಸರು ಒಂದೇ ಇದ್ದರೂ ಹಿಂದಿನ ಬೀಮ್, ಟೈರು, ಸಾಫ್ಟ್‌ವೇರ್ ಬೇರೆ ಇರಬಹುದು.

ನಿಮ್ಮ ಕ್ಯಾರವಾನ್ ಖಾಲಿ ಇದ್ದಾಗ 850 ಕೆಜಿ. ನೂರು ಲೀಟರ್ ನೀರು ಅಂದರೆ ನೂರು ಕೆಜಿ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆಜಿ. ಹಾಸಿಗೆ, ಪಾತ್ರೆ, ಕೂಲರ್, ಬಟ್ಟೆ, ಮಕ್ಕಳ ಸೈಕಲ್, ದಾರಿಗೆ ಕಟ್ಟಿಕೊಂಡ ಕಟಿ ರೊಟ್ಟಿ, ಶೇಂಗಾ ಹಿಂಡಿ ಡಬ್ಬಿ, ಎಲ್ಲ ಸೇರಿ 1100 ಕೆಜಿ ಆಗಲು ಹೊತ್ತು ಬೇಕಿಲ್ಲ. ಅಂದರೆ 1100 ಕೆಜಿಯ, ಬ್ರೇಕ್ ಇಲ್ಲದ ಬಂಡಿ. ನಿಮ್ಮ ಕಾರು, ಮನೆಯವರು, ಲಗೇಜು ಸೇರಿ 1850 ಕೆಜಿ ಅಂತ ಇಟ್ಟುಕೊಂಡರೆ, ಆ ಕಾರಿನ ಬ್ರೇಕು ಈಗ 2950 ಕೆಜಿ ನಿಲ್ಲಿಸಬೇಕು. ಕಮಲಾಪುರ ದಾಟಿ ಹೋಗುವಾಗ ಮುಂದೆ ಎಮ್ಮೆ ಅಡ್ಡ ಬಂತು ಅಂತ ನೆನೆಸಿಕೊಳ್ಳಿ. ಕಾರು ನಿಲ್ಲಲು ನೋಡುತ್ತದೆ, ಹಿಂದಿನ 1100 ಕೆಜಿ ದೂಡುತ್ತಲೇ ಇರುತ್ತದೆ. ಸ್ವಲ್ಪ ತಿರುವಿನಲ್ಲಿದ್ದರೆ ಟ್ರೇಲರ್ ಪಕ್ಕಕ್ಕೆ ಮಡಚಿಕೊಂಡು ಬರುತ್ತದೆ. ಯುರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೇಲರ್‌ಗೆ 750 ಕೆಜಿ ಅಂತ ಗೆರೆ ಹಾಕಿರುವುದು ಸುಮ್ನೆ ಅಲ್ಲ.

ಇನ್ನು ಆ ವೆಲ್ಡಿಂಗ್ ಅಂಗಡಿ. ನಮ್ಮ ಕಡೆ ಟ್ರ್ಯಾಲಿ ಕಟ್ಟುವವರ ಕೈಕೆಲಸದ ಬಗ್ಗೆ ನನಗೆ ಗೌರವವಿದೆ. ಎರಡೆರಡು ಟ್ರ್ಯಾಲಿ ಕಬ್ಬು ಹೊತ್ತು ಭಾಲ್ಕಿ, ಹುಮನಾಬಾದ್ ರಸ್ತೆಗಳಲ್ಲಿ ಹೋಗುವ ಟ್ರ್ಯಾಕ್ಟರ್‌ಗಳ ಕೊಂಡಿ ಅವರೇ ಮಾಡಿದ್ದು. ಆದರೆ ಟ್ರ್ಯಾಕ್ಟರ್‌ಗೆ ಕೊಂಡಿ ಹಾಕುವ ಜಾಗ ಕಂಪನಿಯೇ ಕೊಟ್ಟಿರುತ್ತದೆ. ನಿಮ್ಮ ಕಾರಿಗೆ ಅಂಥ ಜಾಗವಿಲ್ಲ. ಹಿಂದಿನ ಬಂಪರ್ ಒಳಗಿರುವ ಬೀಮ್ ಡಿಕ್ಕಿ ಆದಾಗ ಪೆಟ್ಟು ತಿನ್ನಲು ಇರುವುದು, ಎಳೆಯಲು ಅಲ್ಲ. ಕೆಳಗೆ ಹೋದರೆ ನೆಲದ ಉದ್ದಕ್ಕೂ ಬ್ಯಾಟರಿ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಎಲ್ಲಿ ಹಾದುಹೋಗಿದೆ ಅಂತ ಗೊತ್ತಿಲ್ಲದವರು ಡ್ರಿಲ್ ಹಿಡಿಯಲೇಬಾರದು. ವೆಲ್ಡಿಂಗ್ ಕರೆಂಟು ಬಾಡಿಯ ಮೂಲಕ ಹರಿಯುವಾಗ ಕಂಟ್ರೋಲ್ ಯೂನಿಟ್‌ಗಳು ಹೋಗಬಹುದು. ಬ್ಯಾಟರಿ ಪೆಟ್ಟಿಗೆಯ ಹತ್ತಿರ ಬಿಸಿ ತಾಗಿದರೆ ಅದು ಇನ್ನೊಂದು ಕಥೆ. ಟ್ರೇಲರ್‌ನ ಲೈಟಿಗೆ ಅಂತ ಹಿಂದಿನ ಲೈಟಿನ ವೈರಿಗೆ ಜೋಡಿಸಿಬಿಡುತ್ತಾರೆ. ಈಗಿನ ಕಾರುಗಳು ಆ ಲೈಟು ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಅಳೆಯುತ್ತಿರುತ್ತವೆ, ಜಾಸ್ತಿ ಎಳೆದ ಕೂಡಲೇ ಎರರ್ ಕೊಡುತ್ತವೆ. ಹೀಗೆ ವೈರು ಸಿಗಿಸಿಕೊಂಡು ಬಂದ ಕಾರುಗಳು ನನ್ನ ಗ್ಯಾರೇಜಿಗೂ ಬರುತ್ತವೆ. ವೈರು ಕಿತ್ತು ಸರಿ ಮಾಡುವುದು ಕಷ್ಟ ಅಲ್ಲ. ವಾರಂಟಿಯವರಿಗೆ ಉತ್ತರ ಹೇಳುವುದು ಕಷ್ಟ. ಬ್ಯಾಟರಿಗೆ 8 ವರ್ಷ, 1.6 ಲಕ್ಷ ಕಿ.ಮೀ. ವಾರಂಟಿ ಅನ್ನುವುದು ನಮ್ಮಲ್ಲಿ ರೂಢಿಯ ಲೆಕ್ಕ. ನಾಳೆ ಬ್ಯಾಟರಿಯಲ್ಲಿ ನಿಜವಾಗಿ ದೋಷ ಇದ್ದರೂ ಅವರ ಕಣ್ಣು ಮೊದಲು ಬೀಳುವುದು ನಿಮ್ಮ ವೆಲ್ಡಿಂಗ್ ಮೇಲೆ.

ಈಗ ಎಷ್ಟು ದೂರ ಹೋಗುತ್ತದೆ ಅನ್ನುವ ಲೆಕ್ಕ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮುಂದೆ ಯಾವ ಟ್ರೇಲರ್ ಕೊಂಡರೂ ಬೇಕಾಗುತ್ತದೆ. ಒಂದು ಕಿಲೋವ್ಯಾಟ್ ಅವರ್ ಅಂದರೆ ನಿಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್. 45 ಯೂನಿಟ್ ಬ್ಯಾಟರಿಯಲ್ಲಿ ಓಡಿಸಲು ಸಿಗುವುದು ಸುಮಾರು 42 ಅಂತ ಇಟ್ಟುಕೊಳ್ಳೋಣ. ಬರೀ ಕಾರು 80ರಲ್ಲಿ ಹೋದಾಗ ನೂರು ಕಿ.ಮೀ.ಗೆ 14 ರಿಂದ 15 ಯೂನಿಟ್ ತಿನ್ನುತ್ತದೆ. ನೀವು ಹೇಳಿದ 280–290 ಕಿ.ಮೀ.ಗೆ ಅದು ಸರಿಯಾಗಿ ಹೊಂದುತ್ತದೆ.

ಹಿಂದೆ ಏಳೂವರೆ ಅಡಿಯ ಪೆಟ್ಟಿಗೆ ಕಟ್ಟಿದ ಕೂಡಲೇ ಗಾಳಿಯ ಜೊತೆ ಜಗಳ ಶುರು. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ನಿಮ್ಮ ಕ್ಯಾರವಾನ್ ಅಳತೆಗೆ ನಾನು ಹಾಕಿದ ಅಂದಾಜಿನ ಪ್ರಕಾರ, 80ರಲ್ಲಿ ಬರೀ ಗಾಳಿಗೇ ನೂರು ಕಿ.ಮೀ.ಗೆ ಇನ್ನೂ 14 ಯೂನಿಟ್ ಹೋಗುತ್ತದೆ, ಚಕ್ರದ ಉಜ್ಜಾಟಕ್ಕೆ ನಾಲ್ಕು ಚಿಲ್ಲರೆ. ಒಟ್ಟು 32ರ ಆಸುಪಾಸು. ಫುಲ್ ಚಾರ್ಜ್‌ಗೆ 130 ಕಿ.ಮೀ. ಅಮೆರಿಕದಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್, ರಿವಿಯನ್ ಆರ್1ಟಿ ತರಹದ ದೊಡ್ಡ ಎಲೆಕ್ಟ್ರಿಕ್ ಪಿಕಪ್‌ಗಳಿಗೆ ಕ್ಯಾರವಾನ್ ಕಟ್ಟಿ ಓಡಿಸಿದವರಿಗೂ ರೇಂಜ್ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿದೆ. ಅವುಗಳ ಬ್ಯಾಟರಿ ನಿಮ್ಮದಕ್ಕಿಂತ ಎರಡು ಮೂರು ಪಟ್ಟು ದೊಡ್ಡದು, ಅರ್ಧ ಆದರೂ ಉಳಿಯುವುದು ಸಾಕಷ್ಟು. ನಿಮಗೆ ಅರ್ಧ ಅಂದರೆ ಕಷ್ಟ.

ವೇಗ 60ಕ್ಕೆ ಇಳಿಸಿದರೆ ಒಟ್ಟು 24 ಯೂನಿಟ್ ಸಾಕು, 175 ಕಿ.ಮೀ. ಬರುತ್ತದೆ. ಅದಕ್ಕೇ ಟ್ರೇಲರ್ ಎಳೆಯುವ ಯಾವ ಇವಿಯವರಿಗೂ ನಾನು ಮೊದಲು ಹೇಳುವುದು ವೇಗದ ಬಗ್ಗೆ, ತೂಕದ ಬಗ್ಗೆ ಆಮೇಲೆ.

ಇಲ್ಲಿ ಇನ್ನೊಂದು ತಪ್ಪು ನಂಬಿಕೆ ಇದೆ. ಹುಮನಾಬಾದ್ ಕಡೆ ಏರು ಇದೆ, ಏರಿನಲ್ಲೇ ಬ್ಯಾಟರಿ ಖಾಲಿ ಆಗುತ್ತದೆ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಬೀದರ್ ಊರು ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ. ಮೂರು ಟನ್ ಅನ್ನು 200 ಮೀಟರ್ ಮೇಲಕ್ಕೆತ್ತಲು ನಷ್ಟವೆಲ್ಲ ಸೇರಿ ಎರಡು ಯೂನಿಟ್ ಸಾಕು. ಬರುವಾಗ ಇಳುಕಲಿನಲ್ಲಿ ಒಂದಿಷ್ಟು ವಾಪಸ್ಸೂ ಬರುತ್ತದೆ. ಗಾಳಿ ಹಾಗಲ್ಲ, ಹೋದದ್ದು ಹೋಯಿತು. ಮಳೆಗಾಲದಲ್ಲಿ ನಮ್ಮ ಬಯಲಿನಲ್ಲಿ ಪಶ್ಚಿಮದ, ನೈಋತ್ಯದ ಗಾಳಿ ಹೇಗೆ ಬೀಸುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬೀದರ್‌ನಿಂದ ಕಲಬುರಗಿ ಇರುವುದು ಸರಿಯಾಗಿ ನೈಋತ್ಯಕ್ಕೆ. ಅಂದರೆ ಜುಲೈನಲ್ಲಿ ವಾಪಸ್ ಬರುವಾಗ ಇಳುಕಲು ಇದೆ ಅಂತ ಕಡಿಮೆ ಚಾರ್ಜ್ ಇಟ್ಟುಕೊಂಡು ಹೊರಟರೆ ಎದುರು ಗಾಳಿಗೆ ಸಿಕ್ಕಿಕೊಳ್ಳುತ್ತೀರಿ. 60ರಲ್ಲಿ ಹೋಗುವಾಗ ಎದುರಿನಿಂದ 20ರ ಗಾಳಿ ಇದ್ದರೆ ಪೆಟ್ಟಿಗೆಗೆ ಅದು 80ರ ಗಾಳಿಯೇ.

ಕಲಬುರಗಿಯಿಂದ ಬೀದರ್‌ಗೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಸುಮಾರು 115 ಕಿ.ಮೀ. 80ರಲ್ಲಿ ಹೋದರೆ 39 ಯೂನಿಟ್ ಬೇಕು, ನಿಮ್ಮಲ್ಲಿರುವುದು 42. ಎಸಿ ಹಾಕಿದರೆ, ಒಂದು ಕಡೆ ಡೈವರ್ಷನ್ ಬಂದರೆ ಮುಗಿಯಿತು. 60ರಲ್ಲಿ ಹೋದರೆ 30 ಯೂನಿಟ್‌ನಲ್ಲಿ ತಲುಪುತ್ತೀರಿ. ಇದು ಮನೆಯಿಂದ ಫುಲ್ ಚಾರ್ಜ್ ಮಾಡಿಕೊಂಡು ಹೊರಟಾಗಿನ ಮಾತು. ದಾರಿಯಲ್ಲಿ ಫಾಸ್ಟ್ ಚಾರ್ಜರ್‌ನಲ್ಲಿ ಯಾರೂ ನೂರಕ್ಕೆ ನೂರು ತುಂಬಿಸುವುದಿಲ್ಲ, 80 ಪರ್ಸೆಂಟ್ ದಾಟಿದ ಮೇಲೆ ವೇಗ ಬಿದ್ದುಹೋಗುತ್ತದೆ. 10ರಿಂದ 80 ಪರ್ಸೆಂಟ್ ಅಂದರೆ ನಿಮಗೆ ಸಿಗುವುದು 29 ಯೂನಿಟ್, ಕ್ಯಾರವಾನ್ ಜೊತೆ 80ರಲ್ಲಿ 90 ಕಿ.ಮೀ. ಹಂಪಿಗೆ ಜೇವರ್ಗಿ, ಸಿಂದಗಿ, ವಿಜಯಪುರ, ಹುನಗುಂದ ಅಂತ ಹೋಗುವ ದಾರಿಯಲ್ಲಿ ಪ್ರತಿ 90 ಕಿ.ಮೀ.ಗೆ ಒಂದು ಚಾಲೂ ಇರುವ, ಖಾಲಿ ಇರುವ, ಟ್ರೇಲರ್ ಒಳಗೆ ಬರುವಷ್ಟು ಜಾಗ ಇರುವ ಚಾರ್ಜರ್ ಹುಡುಕಬೇಕು. ಮೂರೂ ಕೂಡಿ ಬರುವುದು ಅಪರೂಪ. ಚಾರ್ಜರ್‌ಗಳೆಲ್ಲ ಕಾರಿನ ಮೂತಿ ಅಥವಾ ಹಿಂಭಾಗ ಗೋಡೆಗೆ ತಾಗಿಸಿ ನಿಲ್ಲಿಸುವ ಹಾಗೆ ಇರುತ್ತವೆ. ಕೇಬಲ್ ಉದ್ದ ಇರುವುದಿಲ್ಲ. ಹಾಗಾಗಿ ಪ್ರತಿ ಸಲ ಟ್ರೇಲರ್ ಬಿಚ್ಚಿ, ಅದರ ಚಕ್ರಕ್ಕೆ ಕಲ್ಲು ಕೊಟ್ಟು, ಕಾರು ಒಯ್ದು ಚಾರ್ಜ್ ಮಾಡಿ, ಮತ್ತೆ ಬಂದು ಜೋಡಿಸಬೇಕು. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಮ್ಮ ಅವ್ವಾರನ್ನು ಕ್ಯಾರವಾನ್ ಒಳಗೆ ಕೂರಿಸಿ ನೀವು ಈ ಸರ್ಕಸ್ ಮಾಡುತ್ತಿರುತ್ತೀರಿ. ಇನ್ನು, ಟ್ರೇಲರ್ ಓಡುತ್ತಿರುವಾಗ ಅದರೊಳಗೆ ಯಾರನ್ನೂ ಕೂರಿಸಬೇಡಿ. ಮಕ್ಕಳು ಹಠ ಮಾಡುತ್ತಾರೆ, ಆದರೂ ಬೇಡ.

ಸೋಲಾರ್ ಬಗ್ಗೆ ಎರಡೇ ಮಾತು. ಆ ಚಾವಣಿಯ ಮೇಲೆ 500 ವ್ಯಾಟ್ ಪ್ಯಾನಲ್ ಕೂರಿಸಬಹುದು ಅಂತ ಇಟ್ಟುಕೊಳ್ಳಿ. ನಮ್ಮ ಕಡೆ ಬಿಸಿಲಿಗೆ ಬರ ಇಲ್ಲ, ದಿನಕ್ಕೆ ಎರಡು, ಎರಡೂವರೆ ಯೂನಿಟ್ ಬರುತ್ತದೆ. ಟ್ರೇಲರ್ ಕಟ್ಟಿದ ಕಾರು ಅದರಲ್ಲಿ ಹತ್ತು ಕಿ.ಮೀ. ಹೋಗುತ್ತದೆ. ಇಡೀ ದಿನ ಒಣಗಿಸಿ ಹತ್ತು ಕಿ.ಮೀ.! ಫ್ಯಾನು, ಲೈಟು, ಮೊಬೈಲು, ಸಣ್ಣ ಫ್ರಿಜ್ಜು, ಇವಕ್ಕೆ ಸೋಲಾರ್ ಚೆನ್ನಾಗಿದೆ. ಕಾರಿಗೆ ಅಲ್ಲ. ಟ್ರೇಲರ್ ಚಕ್ರಕ್ಕೆ ಡೈನಮೋ ಕಟ್ಟಿದರೆ ಓಡುತ್ತಾ ಓಡುತ್ತಾ ಚಾರ್ಜ್ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಚಹಾ ಕುಡಿಸಿ ಕಳಿಸಿ. ಆ ಡೈನಮೋ ತಿರುಗಿಸುವುದು ನಿಮ್ಮ ಬ್ಯಾಟರಿಯೇ, ಕೊಟ್ಟದ್ದಕ್ಕಿಂತ ಕಡಿಮೆಯೇ ವಾಪಸ್ ಬರುತ್ತದೆ. ಜನರೇಟರ್ ಇಟ್ಟುಕೊಂಡು ಹೋಗುವವರೂ ಇದ್ದಾರೆ. ಗಂಟೆಗಟ್ಟಲೆ ಗಲಾಟೆ, ಪೆಟ್ರೋಲ್ ಕ್ಯಾನ್ ಪಕ್ಕದಲ್ಲಿ ಮಕ್ಕಳ ಹಾಸಿಗೆ. ಬೇಡ.

ಟ್ರೇಲರ್ ಓಲಾಡುವುದರ ಬಗ್ಗೆ ನೀವು ಕೇಳಿಲ್ಲ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಭಯ ಅದೇ, ಅದರಲ್ಲೂ ಇವಿಯಲ್ಲಿ ಇದಕ್ಕೊಂದು ವಿಶೇಷ ತಿರುವಿದೆ. ಚಕ್ಕಡಿಯಲ್ಲಿ ಹಿಂದೆ ಜಾಸ್ತಿ ಹೇರಿದರೆ ಮುಂದೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೆ ಏಳುತ್ತದೆ, ನೋಡಿರುತ್ತೀರಿ. ಟ್ರೇಲರಿನದೂ ಅದೇ ಲೆಕ್ಕ. ನೀರಿನ ಟ್ಯಾಂಕು, ಸಾಮಾನು ಹಿಂದೆ ಹೋದರೆ ಕೊಂಡಿಯ ಮೇಲಿನ ಭಾರ ಕಡಿಮೆಯಾಗಿ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ. ಪಕ್ಕದಲ್ಲಿ ಬಸ್ಸು ಜೋರಾಗಿ ಹಾದುಹೋದಾಗ, ಅಡ್ಡ ಗಾಳಿ ಬಡಿದಾಗ, ಇಳುಕಲಿನಲ್ಲಿ ವೇಗ ಏರಿದಾಗ ಇದು ಹೆಚ್ಚು. ಟ್ರೇಲರ್ ತೂಕದ 5ರಿಂದ 7 ಪರ್ಸೆಂಟ್ ಕೊಂಡಿಯ ಮೇಲೆ ಇರಬೇಕು ಅನ್ನುವುದು ಯುರೋಪಿನ ರೂಢಿ, ಅಮೆರಿಕದಲ್ಲಿ 10ರಿಂದ 15. ನಿಮ್ಮ ಟ್ರೇಲರ್‌ಗೆ ಯುರೋಪಿನ ಲೆಕ್ಕದಲ್ಲೇ 55ರಿಂದ 77 ಕೆಜಿ. ಆ ಭಾರ ಕಾರಿನ ಹಿಂಭಾಗವನ್ನು ಒತ್ತಿ ಮುಂಭಾಗವನ್ನು ಎತ್ತುತ್ತದೆ. ನಿಮ್ಮ ಮೋಟರ್ ಇರುವುದು ಮುಂದಿನ ಚಕ್ರಕ್ಕೆ. ಹಸಿ ರಸ್ತೆಯ ಏರಿನಲ್ಲಿ, ಜಲ್ಲಿ ಹಾಕಿದ ಕಡೆ ಮುಂದಿನ ಚಕ್ರ ಸುಮ್ನೆ ಗರಗರ ತಿರುಗುತ್ತದೆ.

ಓಲಾಟ ಶುರುವಾದರೆ ಏನು ಮಾಡಬೇಕು? ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ, ಬ್ರೇಕ್ ಒತ್ತಬೇಡಿ ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ಡೀಸೆಲ್ ಗಾಡಿಗೆ ಅದು ಸರಿ. ಇವಿಯಲ್ಲಿ ರೀಜೆನ್ (ಕಾರು ನಿಧಾನವಾಗುವಾಗ ಮೋಟರ್ ಮೂಲಕವೇ ಬ್ಯಾಟರಿಗೆ ಕರೆಂಟ್ ವಾಪಸ್ ತುಂಬುವ ವ್ಯವಸ್ಥೆ) ಜೋರಾಗಿ ಇಟ್ಟಿದ್ದರೆ, ಕಾಲು ತೆಗೆದ ಕೂಡಲೇ ಕಾರು ಬ್ರೇಕ್ ಹಾಕಿದ ಹಾಗೆಯೇ ನಿಧಾನವಾಗುತ್ತದೆ, ಅದೂ ಮುಂದಿನ ಚಕ್ರಗಳಿಂದ. ಹಿಂದಿನ ಟ್ರೇಲರ್ ದೂಡುತ್ತದೆ, ಓಲಾಟ ಇಳಿಯುವ ಬದಲು ಏರುತ್ತದೆ. ಹಾಗಾಗಿ ಟ್ರೇಲರ್ ಕಟ್ಟಿದಾಗ ರೀಜೆನ್ ಕಡಿಮೆ ಮಟ್ಟದಲ್ಲಿಡಬೇಕು, ಕಾಲನ್ನು ನಿಧಾನವಾಗಿ ಎತ್ತಬೇಕು. ಆದರೆ ಉದ್ದನೆಯ ಇಳುಕಲಿನಲ್ಲಿ ರೀಜೆನ್ ಬೇಕಾಗುತ್ತದೆ, ಇಲ್ಲದಿದ್ದರೆ ಬ್ರೇಕ್ ಪ್ಯಾಡ್ ಬಿಸಿಯಾಗುತ್ತದೆ. ಬ್ಯಾಟರಿ ಫುಲ್ ಇದ್ದಾಗ ರೀಜೆನ್ ಕೆಲಸವನ್ನೇ ಮಾಡುವುದಿಲ್ಲ, ಕರೆಂಟ್ ಹೋಗಲು ಜಾಗ ಇರುವುದಿಲ್ಲ. ಬೆಟ್ಟದ ಮೇಲೆ ರಾತ್ರಿಯೆಲ್ಲ ನೂರು ಪರ್ಸೆಂಟ್ ತುಂಬಿಸಿ ಬೆಳಿಗ್ಗೆ ಮೂರು ಟನ್ ಹೊತ್ತು ಇಳಿಯುವವರಿಗೆ ಇದು ಗೊತ್ತಿರಬೇಕು. ಟ್ರೇಲರ್ ಮುಂದಕ್ಕೆ ಒತ್ತಿದಾಗ ತಾನೇ ಹಿಡಿಯುವ ಬ್ರೇಕ್ ಇರುವ ಟ್ರೇಲರ್‌ಗಳೂ ಇವೆ, ಓವರ್‌ರನ್ ಬ್ರೇಕ್ ಅಂತ. ಜೋರು ರೀಜೆನ್‌ನಲ್ಲಿ ಅವು ಮತ್ತೆ ಮತ್ತೆ ಹಿಡಿದು ಡ್ರಮ್ ಬಿಸಿ ಮಾಡಿಕೊಳ್ಳುತ್ತವೆ. ಕಲಿತು ಓಡಿಸುವ ಕೆಲಸ ಇದು.

ಕಾಗದದ ವಿಷಯ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೆ ಬೇರೆ ನೋಂದಣಿ ಬೇಕು. ಹೈದರಾಬಾದಿನವರ ಹತ್ತಿರ ಆ ಟ್ರೇಲರಿನ ಆರ್‌ಸಿ ಇದೆಯಾ, ತೆಲಂಗಾಣದಿಂದ ಎನ್‌ಒಸಿ ಕೊಡುತ್ತಾರಾ, ಇಲ್ಲಿ ಕೆಎ 32ಕ್ಕೆ ವರ್ಗ ಆಗುತ್ತದಾ ಅಂತ ಕೇಳಿದಿರಾ? ಬರೀ ಬಿಲ್ಲು ತೋರಿಸುವವರೇ ಜಾಸ್ತಿ. ಅದೇ ಕಾಯ್ದೆಯ 52ನೇ ಸೆಕ್ಷನ್ ವಾಹನದಲ್ಲಿ ಮನಬಂದಂತೆ ಬದಲಾವಣೆ ಮಾಡಿಸುವುದನ್ನು ತಡೆಯುತ್ತದೆ. ವೆಲ್ಡಿಂಗ್ ಕೊಂಡಿಗೆ ಅಲ್ಲೇ ಪ್ರಶ್ನೆ ಏಳುತ್ತದೆ. ಪೊಲೀಸರು ಹಿಡಿಯುತ್ತಾರೋ ಇಲ್ಲವೋ ಅನ್ನುವುದು ಸಣ್ಣ ವಿಷಯ. ಅಪಘಾತವಾದ ಮೇಲೆ ಇನ್ಶೂರೆನ್ಸ್ ಸರ್ವೇಯರ್ ಕೊಂಡಿಯ ಫೋಟೋ ತೆಗೆಯುತ್ತಾರಲ್ಲ, ಅದು ದೊಡ್ಡ ವಿಷಯ. ಟ್ರೇಲರ್ ಎಳೆಯುವುದನ್ನು ಪಾಲಿಸಿಯಲ್ಲಿ ಸೇರಿಸಿಕೊಡುತ್ತೀರಾ ಅಂತ ಇಮೇಲ್‌ನಲ್ಲಿ ಕೇಳಿ. ಏಜೆಂಟರು ಫೋನಿನಲ್ಲಿ ಆಗುತ್ತದೆ ಬಿಡಿ ಸರ್ ಅಂದದ್ದು ಲೆಕ್ಕಕ್ಕಿಲ್ಲ.

ಹಾಗಾದರೆ ಏನು ಮಾಡಬಹುದು?

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಸಲ ಟ್ರೇಲರ್ ಬಿಟ್ಟು ಇದೇ ಕಾರಲ್ಲಿ ಹೋಗುತ್ತಿದ್ದೆ. ಬರೀ ಕಾರಿಗೆ ಕಲಬುರಗಿಯಿಂದ ಬೀದರ್ ಒಂದೇ ಚಾರ್ಜಿನ ದಾರಿ, ಅರ್ಧದಷ್ಟು ಬ್ಯಾಟರಿ ಇನ್ನೂ ಉಳಿದಿರುತ್ತದೆ. ಬೀದರ್‌ನಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಬರೀದ್ ಶಾಹಿ ಇದೆ, ಬೇರೆ ಲಾಡ್ಜ್‌ಗಳೂ ಇವೆ. ರೂಮು ಬುಕ್ ಮಾಡುವಾಗಲೇ ಎರಡು ಪ್ರಶ್ನೆ ಕೇಳಿ. ನೆಲಮಹಡಿಯಲ್ಲಿ ವೆಸ್ಟರ್ನ್ ಟಾಯ್ಲೆಟ್ ಇರುವ ರೂಮು ಇದೆಯಾ? ಪಾರ್ಕಿಂಗ್ ಹತ್ತಿರ 15 ಆಂಪ್ ಪ್ಲಗ್ ಇದೆಯಾ? ರಾತ್ರಿ ಹತ್ತು ಗಂಟೆ ಆ ಪ್ಲಗ್‌ಗೆ ಹಾಕಿದರೆ 27–28 ಯೂನಿಟ್ ತುಂಬುತ್ತದೆ, ಬರೀ ಕಾರಿಗೆ 180 ಕಿ.ಮೀ.ಗೆ ಮೋಸ ಇಲ್ಲ. ಮರುದಿನ ಕೋಟೆ, ಅಷ್ಟೂರಿನ ಗುಮ್ಮಟಗಳು, ನಾನಕ್ ಝೀರಾ ನೋಡಿಕೊಂಡು ಬಸವಕಲ್ಯಾಣಕ್ಕೆ ಆರಾಮಾಗಿ ಹೋಗಬಹುದು.

ಪ್ಲಗ್ ಇದೆ ಅಂದರೂ ಅರ್ಥಿಂಗ್ ಇದೆಯಾ ಅಂತ ನೋಡಬೇಕು. ಹಳೆ ಕಟ್ಟಡಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತದೆ, ಮೂರನೆಯದಕ್ಕೆ ವೈರೇ ಇರುವುದಿಲ್ಲ. ಕಾರಿನ ಚಾರ್ಜರ್ ಕೆಂಪು ಲೈಟ್ ಹಾಕಿ ಸುಮ್ಮನಾಗುತ್ತದೆ. ಆಗ ಅರ್ಥಿಂಗ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿ ಚಾರ್ಜರ್‌ಗೆ ಮೋಸ ಮಾಡುವ ಅಡ್ಡದಾರಿ ಹೇಳಿಕೊಡುವವರು ಸಿಗುತ್ತಾರೆ. ನ್ಯೂಟ್ರಲ್ ತುಂಡಾದರೆ ಕಾರಿನ ಬಾಡಿಗೇ ಕರೆಂಟ್ ಬರುತ್ತದೆ, ದಯವಿಟ್ಟು ಅದಕ್ಕೆ ಹೋಗಬೇಡಿ. 300–400 ರೂಪಾಯಿಗೆ ಸಿಗುವ ಸಾಕೆಟ್ ಟೆಸ್ಟರ್ ಒಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ಎಕ್ಸ್‌ಟೆನ್ಶನ್ ಬೋರ್ಡ್ ಬಳಸಬೇಡಿ, ಗಂಟೆಗಟ್ಟಲೆ ಆ ಕರೆಂಟ್ ತಡೆಯುವುದಿಲ್ಲ, ಕರಗುತ್ತದೆ.

ಅವ್ವಾರಿಗೆ ಮಡಚುವ ಕಮೋಡ್ ಕುರ್ಚಿ ಅಥವಾ ಸಣ್ಣ ಕ್ಯಾಂಪಿಂಗ್ ಟಾಯ್ಲೆಟ್ ತಗೊಳ್ಳಿ. ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ, ಅದರ ಜೊತೆ ನೆಟ್ಟಗೆ ನಿಲ್ಲುವ ಒಂದು ಬಟ್ಟೆ ಟೆಂಟ್. ಕ್ಯಾರವಾನ್ ದುಡ್ಡಿನ ಬಡ್ಡಿಯಲ್ಲೇ ಬರುತ್ತದೆ. ಈ ದಾರಿಯ ಕೊರತೆ ಏನಂದರೆ ಎಲ್ಲಿ ಬೇಕೋ ಅಲ್ಲಿ ಮಲಗುವ ಖುಷಿ ಇಲ್ಲ. ಮಕ್ಕಳಿಗೆ ಬೇಜಾರಾಗಬಹುದು.

ಕ್ಯಾರವಾನೇ ಬೇಕು ಅಂದರೆ ಒಳಗೇ ಎಂಜಿನ್ ಇರುವ ಮೋಟರ್ ಕ್ಯಾರವಾನ್ ಬಾಡಿಗೆಗೆ ತಗೊಂಡು ಒಮ್ಮೆ ಹೋಗಿ ಬನ್ನಿ. ಬೆಂಗಳೂರು ಕಡೆ ಡ್ರೈವರ್ ಸಮೇತ ಸಿಗುತ್ತವೆ. ಬಾಡಿಗೆ ದುಬಾರಿ, ಡೀಸೆಲ್ ಖರ್ಚು ಬೇರೆ, ಇಲ್ಲಿತನಕ ಬರುವ ಖರ್ಚೂ ನಿಮ್ಮದೇ. ಆದರೆ ನಿಮ್ಮ ಮನೆಯವರಿಗೆ ಈ ತರಹದ ಪ್ರವಾಸ ಹಿಡಿಸುತ್ತದಾ ಅಂತ ಗೊತ್ತಾಗುತ್ತದೆ. ಎರಡನೇ ರಾತ್ರಿಗೇ ಲಾಡ್ಜ್ ಹುಡುಕಿದ ಕುಟುಂಬಗಳನ್ನು ನಾನು ಕಂಡಿದ್ದೇನೆ, ತಪ್ಪೇನಿಲ್ಲ.

ಇನ್ನೊಂದು ದಾರಿ, ಎಳೆಯುವ ಅನುಮತಿ ಇರುವ ಡೀಸೆಲ್ ಗಾಡಿ ನೆಂಟರಲ್ಲಿ ಯಾರ ಹತ್ತಿರವಾದರೂ ಇದ್ದರೆ ಟ್ರೇಲರನ್ನು ಅವರು ಎಳೆದು ಒಂದು ಕಡೆ ನಿಲ್ಲಿಸುವುದು, ನೀವು ಇವಿಯಲ್ಲಿ ಸುತ್ತಾಡುವುದು. ನಿಮ್ಮ ಕಾರಿಗೆ ವಿ2ಎಲ್ (ಕಾರಿನ ಬ್ಯಾಟರಿಯಿಂದ ಹೊರಗಿನ ಸಾಮಾನಿಗೆ ಕರೆಂಟ್ ಕೊಡುವ ಸೌಲಭ್ಯ) ಇದ್ದರೆ ರಾತ್ರಿ ಕ್ಯಾರವಾನಿಗೆ ಕರೆಂಟೂ ಅದೇ ಕೊಡುತ್ತದೆ. ಆದರೆ ಒಂದು ಟನ್ ಎಸಿ ರಾತ್ರಿಯೆಲ್ಲ ಓಡಿದರೆ ಆರರಿಂದ ಎಂಟು ಯೂನಿಟ್ ತಿನ್ನುತ್ತದೆ, ಅಂದರೆ ಬೆಳಿಗ್ಗೆ ನಿಮ್ಮ ರೇಂಜಿನಲ್ಲಿ 50 ಕಿ.ಮೀ. ಮಾಯ. ನಮ್ಮ ಒಣ ಸೆಕೆಗೆ ಕೂಲರ್ ಸಾಕು, ಒಂದೂವರೆ ಯೂನಿಟ್‌ನಲ್ಲಿ ರಾತ್ರಿ ಕಳೆಯುತ್ತದೆ. ಮಳೆಗಾಲದಲ್ಲಿ ಅದೇ ಕೂಲರ್ ಬರೀ ಜಿಗಿಜಿಗಿ. ಈ ದಾರಿಯಲ್ಲೂ ಟ್ರೇಲರ್‌ಗೆ ಬ್ರೇಕ್ ಕೂರಿಸದೆ ಹೊರಡುವ ಹಾಗಿಲ್ಲ, ಗಾಡಿ ಯಾವುದಾದರೂ ಸರಿ.

ಮುಂದೊಂದು ದಿನ ಟೋ ರೇಟಿಂಗ್ ಇರುವ ಇವಿ ಕೊಂಡರೆ, ಆಗಲೂ ಈ ಎತ್ತರದ ಪೆಟ್ಟಿಗೆ ಬೇಡ. ಕಾರಿಗಿಂತ ಎತ್ತರ ಇಲ್ಲದ, ಇಬ್ಬರು ಮಲಗುವ, 400–450 ಕೆಜಿಯ, ಹಿಂಭಾಗ ಇಳಿಜಾರಾಗಿರುವ ಟ್ರೇಲರ್ ನೋಡಿ. ಕಾರಿನ ಹಿಂದೆ ಅಡಗಿ ಹೋಗುವುದರಿಂದ ಗಾಳಿಗೆ ಸಿಗುವುದು ಕಡಿಮೆ. ಈಗಿನ ನಿಮ್ಮ ಬ್ಯಾಟರಿಯಷ್ಟೇ ಇದ್ದರೂ 80ರಲ್ಲಿ ಸುಮಾರು 200 ಕಿ.ಮೀ. ಹೋಗಬಹುದು. ಅವ್ವ ಲಾಡ್ಜಿನಲ್ಲಿ, ನೀವು ಮಕ್ಕಳು ಟ್ರೇಲರಿನಲ್ಲಿ ಅಂತ ಮಾಡಿಕೊಳ್ಳಬಹುದು. ನಿಲ್ಲಿಸುವಾಗ ಮಾತ್ರ ಎರೆ ಮಣ್ಣಿನ ಹೊಲ ನೋಡಿ ಮರುಳಾಗಬೇಡಿ. ಸಂಜೆ ಗಟ್ಟಿಯಾಗಿ ಇರುತ್ತದೆ, ರಾತ್ರಿ ಒಂದು ಮಳೆ ಬಿದ್ದರೆ ಚಕ್ರ ಅರ್ಧ ಹೂತುಹೋಗುತ್ತದೆ. ಇವಿಯ ಟಾರ್ಕ್ ಅಲ್ಲಿ ಶತ್ರು, ಒತ್ತಿದಷ್ಟೂ ಗುಂಡಿ ತೋಡುತ್ತದೆ. ಚಿಂಚೋಳಿಯ ಚಂದ್ರಂಪಳ್ಳಿ ಕಡೆಗೆ ಹೋಗುವುದಿದ್ದರೆ ಕಲ್ಲುನೆಲ ಅಥವಾ ಮುರುಮ್ ಹಾಕಿದ ಜಾಗದಲ್ಲೇ ನಿಲ್ಲಿಸಿ, ಅದು ಕಾಡು ಪ್ರದೇಶ, ರಾತ್ರಿ ತಂಗಲು ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ.

ಯಾವಾಗ ಹೊರಡುವುದು ಅಂದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಬಿಸಿಲೂ ಇಲ್ಲ, ಗಾಳಿಯೂ ಕಡಿಮೆ. ಆದರೆ ಅದು ಕಬ್ಬು ಸಾಗಿಸುವ ಕಾಲ. ಕತ್ತಲಾದ ಮೇಲೆ ಹುಮನಾಬಾದ್, ಭಾಲ್ಕಿ ರಸ್ತೆಗಳಲ್ಲಿ ಹಿಂದೆ ಲೈಟಿಲ್ಲದ ಡಬಲ್ ಟ್ರ್ಯಾಲಿಗಳು ನಿಂತಿರುತ್ತವೆ, ಹತ್ತಿರ ಹೋಗುವ ತನಕ ಕಾಣುವುದಿಲ್ಲ. ಸಂಜೆ ಆರರೊಳಗೆ ಊರು ಸೇರಿಕೊಳ್ಳುವ ಹಾಗೆ ಹೊರಡಿ. ಮತ್ತೆ ಆ ಹೈದರಾಬಾದಿನವರಿಗೆ ಇವತ್ತೇ ಫೋನ್ ಮಾಡಿ ಹೇಳಿಬಿಡಿ, ಕಾಯಿಸಿದರೆ ಅಡ್ವಾನ್ಸ್ ಕಳಿಸಿ ಅಂತ ದಿನಾ ಫೋನ್ ಬರುತ್ತದೆ.